ಭರತೇಶವೈಭವವೂ ಗೃಹಸ್ಥನ ಬಾಳೂ

ಕಳೆದ ತಿಂಗಳು ನಮ್ಮ ಸಂಘದ ಕೂಟವು ಮುಗಿದು ಎಲ್ಲರೂ ಏಳುತ್ತಿದ್ದಾಗ ತರುಣ ಮಿತ್ರರೊಬ್ಬರು ನನ್ನನ್ನು ತಡೆದು, “ಮಾಸ್ಟ್ರೇ, ತಾವು ಇಷ್ಟು ವರ್ಷ ಕಾವ್ಯಗಳನ್ನು ಓದಿದಿರಿ, ಮಕ್ಕಳಿಗೂ ಓದಿಸಿದಿರಿ. ಅದರಿಂದ ತಮ್ಮ ಬಾಳಿಗೆ ಆದ ಪ್ರಯೋಜನವೇನು?” ಎಂದು ಕೇಳಿದರು. ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಕೇಳಿದವರು ವಿನಯಶಾಲಿಗಳು. ಬೆಳಗಾದರೆ ಸಾಕು, ಅವರ ಕೈಯ ದೂರವಾಣಿಯ ಪರದೆಯ ಮೇಲೆ ಬಾಳಿನ ಹಿತವಚನಗಳು ಹತ್ತಾರು ಬಂದು ಬೀಳುತ್ತವೆಯಂತೆ. ಪುಸ್ತಕದಂಗಡಿಗಳಲ್ಲಿಯೂ ಮನಸ್ಸನ್ನು ತಿದ್ದಿಕೊಳ್ಳುವ ಬಗೆಯನ್ನು ಹೇಳುವ ಗ್ರಂಥಗಳೇ ಮುಂಭಾಗದಲ್ಲಿವೆ. ಹೀಗಿರುತ್ತಾ, ಹತ್ತು ಮಾತಿನಲ್ಲಿ ಮುಗಿಯುವ ಉಪದೇಶಕ್ಕಾಗಿ ಹತ್ತು ಸಾವಿರ ಪದ್ಯಗಳನ್ನು ಓದುವುದೇಕೆ ಎಂಬುದು ಅವರ ಸಂದೇಹ. ಆ ದಿನ ನಾನು ಏನೋ ಒಂದು ಉತ್ತರವನ್ನು ಹೇಳಿ ಬಸ್ಸು ಹಿಡಿದೆನು. ಅದು ಸರಿಯಾದ ಉತ್ತರವಲ್ಲವೆಂದು ಬಂಟವಾಳದಲ್ಲಿ ಇಳಿಯುವ ಹೊತ್ತಿಗೆ ನನಗೇ ತೋರಿತು. ಆದಕಾರಣ ಈ ಲೇಖನ.

ಕಾವ್ಯದ ಪ್ರಯೋಜನವನ್ನು ಕುರಿತು ಮಮ್ಮಟಾಚಾರ್ಯನು ಹೇಳಿದುದನ್ನು ಪಾಠಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಉಪದೇಶವು ಮೂರು ತೆರನಾದುದು. ವೇದಶಾಸ್ತ್ರಗಳು ಪ್ರಭುವಿನಂತೆ ಆಜ್ಞಾಪಿಸುತ್ತವೆ. ಪುರಾಣೇತಿಹಾಸಗಳು ಗೆಳೆಯನಂತೆ ತಿಳಿಯಹೇಳುತ್ತವೆ. ಕಾವ್ಯವಾದರೋ ಪ್ರಿಯೆಯಂತೆ ಮನಸ್ಸನ್ನು ಒಲಿಸಿಕೊಂಡು, ಹೇಳಿದೆನೆಂದು ತೋರಗೊಡದೆ ಹೇಳುತ್ತದೆ. ಇದನ್ನು ನಾನು ಬಾಯಿಪಾಠ ಮಾಡಿದ್ದು ಬಾಲ್ಯದಲ್ಲಿ. ಅರ್ಥ ಮಾಡಿಕೊಂಡದ್ದು ಅರುವತ್ತು ಕಳೆದ ಮೇಲೆ. ಅರ್ಥವನ್ನು ತಿಳಿಸಿಕೊಟ್ಟ ಗ್ರಂಥವು ಸಂಸ್ಕೃತದ್ದಲ್ಲ, ನನ್ನ ಮನೆತನದ ಮತಕ್ಕೆ ಸೇರಿದುದೂ ಅಲ್ಲ. ಅದು ನಮ್ಮ ನೆರೆಯ ಮೂಡುಬಿದಿರೆಯ ಜೈನಕವಿ ರತ್ನಾಕರವರ್ಣಿಯ ‘ಭರತೇಶವೈಭವ’.

ಈ ಕಾವ್ಯವು 1557ರ ಸುಮಾರಿಗೆ ರಚಿತವಾದುದೆಂದು ಪಂಡಿತರ ಮತ. ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ ಎಂದು ಐದು ಭಾಗಗಳು. ಸುಮಾರು ಹತ್ತು ಸಾವಿರ ಸಾಂಗತ್ಯಪದ್ಯಗಳು. ಕನ್ನಡಿಗರೂ ತೆಲುಗರೂ ತುಳುವರೂ ತಮ್ಮ ತಮ್ಮ ಮಾತಿನಲ್ಲಿ ಸೊಗಸಾಯಿತೆಂದು ಮೆಚ್ಚಿ ಕೇಳಬೇಕೆಂಬುದು ಕವಿಯ ಆಸೆ. ಚಂಪುವಿನ ಗಾಂಭೀರ್ಯವನ್ನು ಬಿಟ್ಟು ಹಾಡಲು ಬರುವ ಸಾಂಗತ್ಯವನ್ನು ಹಿಡಿದುದಕ್ಕೆ ಈ ಆಸೆಯೇ ಕಾರಣವಾಗಿರಬೇಕು. ಕವಿಯು ಒಮ್ಮೆ ಮುನಿದು ಮತವನ್ನು ಬಿಟ್ಟು ವೀರಶೈವನಾಗಿ ಮತ್ತೆ ಮರಳಿದನೆಂಬ ಕಥೆಯನ್ನು ದೇವಚಂದ್ರನ ‘ರಾಜಾವಳೀಕಥೆ’ಯು ಹೇಳುತ್ತದೆ. ಆ ಗ್ರಂಥವು 19ನೆಯ ಶತಮಾನದ್ದು, ಕವಿಗಿಂತ ಸುಮಾರು ಮೂರು ಶತಮಾನ ಈಚಿನದು. ಆದುದರಿಂದ ಇದನ್ನು ಐತಿಹ್ಯವೆಂದೇ ಎಣಿಸತಕ್ಕದ್ದು. ಆದರೂ ಜನರು ಆತನ ಮೇಲೆ ಇಂಥ ಕಥೆಯನ್ನು ಹೊರಿಸಿದುದು ಅಕಾರಣವಲ್ಲ. ಬಿಡುವುದೂ ಹಿಡಿಯುವುದೂ ಆತನ ಕಾವ್ಯದ ವಿಷಯವೇ ಆಗಿವೆ.

ಕಾವ್ಯದ ನಾಯಕನು ಆದಿತೀರ್ಥಂಕರನ ಮಗನಾದ ಭರತಚಕ್ರವರ್ತಿ. ಅವನಿಗೆ ಹದಿನಾಲ್ಕು ರತ್ನಗಳು, ಒಂಬತ್ತು ನಿಧಿಗಳು, ತೊಂಬತ್ತಾರು ಸಾವಿರ ಮಡದಿಯರು. ಇಷ್ಟರ ನಡುವೆ ಕುಳಿತು ಆತನು ಆತ್ಮಧ್ಯಾನವನ್ನು ಮಾಡುತ್ತಾನೆ. ಉಣ್ಣುತ್ತಾನೆ, ಹಾಡು ಕೇಳುತ್ತಾನೆ, ನಾಟ್ಯವನ್ನು ನೋಡುತ್ತಾನೆ, ಮಡದಿಯರೊಡನೆ ಸರಸವಾಡುತ್ತಾನೆ; ಒಳಗೆ ಮಾತ್ರ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ. ಭೋಗವೂ ಯೋಗವೂ ಒಂದೇ ಮನೆಯಲ್ಲಿ ಇರಬಲ್ಲವು. ಬಿಡಬೇಕಾದುದು ವಸ್ತುವನ್ನಲ್ಲ, ವಸ್ತುವಿನ ಮೇಲಿನ ಹಿಡಿತವನ್ನು. ಇದು ಕಾವ್ಯದ ತಾತ್ಪರ್ಯವೆಂದು ಎಲ್ಲರೂ ಹೇಳುತ್ತಾರೆ. ಮೂವತ್ತೈದು ವರ್ಷ ನಾನೂ ಮಕ್ಕಳಿಗೆ ಹೀಗೆಯೇ ಹೇಳಿದೆನು. ತಾವರೆಯೆಲೆಯ ಮೇಲಿನ ನೀರ ಹನಿಯ ಉಪಮಾನವನ್ನು ಕೊಟ್ಟೆನು. ಕರ್ಮಯೋಗವನ್ನೂ ಜನಕರಾಜನನ್ನೂ ಎಳೆದುತಂದೆನು. ಪರೀಕ್ಷೆಯಲ್ಲಿ ಮಕ್ಕಳು ಅದನ್ನೇ ಬರೆದು ಅಂಕಗಳನ್ನು ಪಡೆದರು.

ಈಗ ಮತ್ತೆ ಓದುವಾಗ ಭೋಗವಿಜಯದ ಈ ಬೋಧೆಯು ನನ್ನ ಮನಸ್ಸನ್ನು ಹಿಡಿಯುವುದಿಲ್ಲ. ಅಲ್ಲಿನ ವರ್ಣನೆಗಳಲ್ಲಿ ಸೊಗಸಿಲ್ಲವೆಂದಲ್ಲ. ಊಟದ ಪಂಕ್ತಿ, ಅರಸಿಯರ ಮಾತಿನ ಚಮತ್ಕಾರ, ನಾಟಕಸಂಧಿಗಳ ಕುಣಿತ, ಇವುಗಳಲ್ಲಿ ಕನ್ನಡದ ನಡೆನುಡಿಯು ಜೀವಂತವಾಗಿದೆ. ಆದರೆ ಭರತನು ನಿರ್ಲಿಪ್ತನೆಂಬುದನ್ನು ಅಲ್ಲಿ ಕವಿಯು ಹೇಳುತ್ತಾನೆಯೇ ಹೊರತು ತೋರಿಸುವುದಿಲ್ಲ. ಎಲ್ಲವೂ ಕೈಯಲ್ಲಿರುವವನು ‘ನನಗೆ ಏನೂ ಬೇಡ’ ಎಂದರೆ ಅದನ್ನು ಪರೀಕ್ಷಿಸುವ ಬಗೆ ಹೇಗೆ? ಏನೂ ಹೋಗದಿರುವಾಗ ಹಿಡಿತವು ಸಡಿಲವೋ ಬಿಗಿಯೋ ಎಂಬುದು ಹೊರಗಿನವರಿಗೂ ತಿಳಿಯದು, ತನಗೂ ತಿಳಿಯದು. ಇಲ್ಲಿ ಕವಿಯು ಪ್ರಿಯೆಯಂತೆ ಒಲಿಸುವುದನ್ನು ಬಿಟ್ಟು ಪ್ರಭುವಿನಂತೆ ಒಪ್ಪಿಕೋ ಎನ್ನುತ್ತಾನೆ. ಉಂಡು ತೃಪ್ತರಾದ ಮನೆಗಳವರಿಗೆ ಇಂಥ ಬೋಧೆಯು ಹಿತವಾಗಿ ಕೇಳಿಸುವುದು ಸಹಜ. ನಾನು ಅದನ್ನು ಅಷ್ಟು ಸಂತೋಷದಿಂದ ಬೋಧಿಸಿದುದಕ್ಕೂ ಇದೇ ಕಾರಣವೋ ಎಂದು ಈಗ ಶಂಕೆಯಾಗುತ್ತದೆ.

ಜನಕರಾಜನ ಕಥೆಯಲ್ಲಿಯೂ ಇದೇ ತೊಡಕಿದೆ. ಮಿಥಿಲೆಯು ಉರಿದರೂ ತನ್ನದೇನೂ ಉರಿಯಲಿಲ್ಲವೆಂದು ಆತನು ತಿಳಿದನೆಂಬುದು ಪ್ರಸಿದ್ಧ. ದೊಡ್ಡ ಮಾತು ಹೌದು. ಆದರೆ ಮಿಥಿಲೆಯಲ್ಲಿ ಮನೆಯನ್ನು ಕಳೆದುಕೊಂಡವರು ಈ ಮಾತನ್ನು ಕೇಳಿದ್ದರೆ ಏನೆನ್ನುತ್ತಿದ್ದರು? 1974ರ ಮಳೆಗಾಲದಲ್ಲಿ ನೇತ್ರಾವತಿಯು ಉಕ್ಕಿ ಬಂಟವಾಳದ ಪೇಟೆಯೊಳಗೆ ನುಗ್ಗಿದಾಗ ನಾನು ರಘುವಂಶವನ್ನು ಓದುತ್ತಿದ್ದ ಹುಡುಗ. ನೀರು ಇಳಿದ ಮೇಲೆ ಪೇಟೆಯವರೆಲ್ಲ ಬುಟ್ಟಿಗಳಲ್ಲಿ ಕೆಸರನ್ನು ಹೊತ್ತುಹಾಕುತ್ತಿದ್ದರು. ಹಿರಿಯ ವಿದ್ವಾಂಸರೊಬ್ಬರು ಒಂದು ಅಂಗಡಿಯ ಮುಂದೆ ನಿಂತು, ಇದೆಲ್ಲ ಮಾಯೆ, ದುಃಖಿಸಬಾರದೆಂದು ಸಮಾಧಾನ ಹೇಳಿದರು. ಅಂಗಡಿಯವನು ತುಳುವಿನಲ್ಲಿ ಕೊಟ್ಟ ಉತ್ತರದ ಭಾವವಿಷ್ಟು: “ಭಟ್ರೇ, ಮಾಯೆಯೆಲ್ಲ ನನ್ನ ಅಂಗಡಿಯೊಳಗೇ ಬಂದು ಕೂತಿದೆ. ತಾವೂ ಒಂದು ಬುಟ್ಟಿ ಎತ್ತಿದರೆ ಉಪಕಾರ.” ವಿದ್ವಾಂಸರು ನಕ್ಕರು, ಅನಂತರ ಉತ್ತರೀಯವನ್ನು ಸೊಂಟಕ್ಕೆ ಬಿಗಿದು ನಿಜವಾಗಿಯೂ ಬುಟ್ಟಿಯನ್ನೆತ್ತಿದರು. ಅವರಾಡಿದ ಮಾತನ್ನು ನಾನು ಎಂದೋ ಮರೆಯುತ್ತಿದ್ದೆ. ಎತ್ತಿದ ಬುಟ್ಟಿಯಿಂದಾಗಿ ಅದು ನೆನಪಿನಲ್ಲಿ ಉಳಿದಿದೆ. ವೈರಾಗ್ಯದ ಮಾತಿಗೆ ಎಲ್ಲಿಯೋ ಒಂದೆಡೆ ಇಂಥ ಪ್ರಮಾಣವು ಬೇಕು.

ಹಾಗಾದರೆ ಭರತೇಶವೈಭವದಲ್ಲಿ ಅಂಥ ಪ್ರಮಾಣವಿಲ್ಲವೆ? ಇದೆ. ಅದು ಭೋಗವಿಜಯದಲ್ಲಿಲ್ಲ, ದಿಗ್ವಿಜಯವನ್ನು ಮುಗಿಸಿ ಬಂದ ಚಕ್ರವರ್ತಿಯು ತಮ್ಮನಾದ ಬಾಹುಬಲಿಯ ಎದುರು ನಿಲ್ಲುವ ಪ್ರಕರಣದಲ್ಲಿದೆ.

ಮೂಲಕಥೆಯನ್ನು ವಾಚಕರು ಬಲ್ಲರು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದುದನ್ನು ಪಂಪನು 941ರಲ್ಲಿ ತನ್ನ ‘ಆದಿಪುರಾಣ’ದಲ್ಲಿ ಕನ್ನಡಕ್ಕೆ ತಂದನು. ಎರಡೂ ಸೈನ್ಯಗಳ ನಾಶವೇಕೆಂದು ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಹೋರುತ್ತಾರೆ. ಮೂರರಲ್ಲಿಯೂ ಅಣ್ಣನಿಗೆ ಸೋಲು. ಅವಮಾನವನ್ನು ತಾಳಲಾರದೆ ಅವನು ತಮ್ಮನ ಮೇಲೆ ಚಕ್ರವನ್ನು ಪ್ರಯೋಗಿಸುತ್ತಾನೆ. ಅದು ಅವನಿಗೆ ಕೇಡು ಮಾಡುವುದಿಲ್ಲ. ಗೆದ್ದ ಬಾಹುಬಲಿಯು ಆ ಗೆಲವಿನ ನೆತ್ತಿಯಲ್ಲಿಯೇ ರಾಜ್ಯಕ್ಕೆ ಹೇಸಿ, ಎಲ್ಲವನ್ನೂ ಅಣ್ಣನಿಗೆ ಬಿಟ್ಟು ತಪಸ್ಸಿಗೆ ಹೋಗುತ್ತಾನೆ. ಕನ್ನಡಕಾವ್ಯದಲ್ಲಿ ಇದಕ್ಕೆ ಮಿಗಿಲಾದ ಸನ್ನಿವೇಶಗಳು ವಿರಳ. ವೀರವು ಶಾಂತಕ್ಕೆ ತಿರುಗುವ ಆ ಕ್ಷಣದಲ್ಲಿ ಕವಿಯು ಹೆಚ್ಚು ಮಾತಾಡಬೇಕಾಗಿಯೇ ಇಲ್ಲ.

ರತ್ನಾಕರನು ಈ ಕಥೆಯನ್ನು ಬದಲಿಸಿದನು. ಆತನ ಕಾವ್ಯದಲ್ಲಿ ಯುದ್ಧವೇ ನಡೆಯುವುದಿಲ್ಲ. ಸೈನ್ಯವೂ ಚಕ್ರವೂ ಬೆನ್ನ ಹಿಂದಿರುವಾಗ ಅಣ್ಣನು ತಮ್ಮನೊಡನೆ ಮೆಲ್ಲನೆ ಮಾತಾಡುತ್ತಾನೆ. ಹೋರುವುದಕ್ಕೆ ಮೊದಲೇ ಗೆಲವು ನಿನ್ನದೆಂದು ಒಪ್ಪುತ್ತಾನೆ. ಆ ಮಾತಿಗೆ ತಮ್ಮನ ಬಿಗುಮಾನ ಕರಗುತ್ತದೆ. ಆತನು ನಾಚಿ ತಪಸ್ಸಿಗೆ ಹೊರಡುತ್ತಾನೆ.

ಇದನ್ನು ಔಚಿತ್ಯಭಂಗವೆಂದು ಹಳಿದವರುಂಟು. ಅವರ ಆಕ್ಷೇಪವನ್ನು ಹಗುರಾಗಿ ತಳ್ಳಲಾಗದು. ಮೊದಲನೆಯದಾಗಿ, ಯುದ್ಧವನ್ನು ತೆಗೆದುಹಾಕಿದುದರಿಂದ ಬಾಹುಬಲಿಯ ತ್ಯಾಗಕ್ಕೆ ಇದ್ದ ಎತ್ತರವು ತಗ್ಗಿತು. ಗೆದ್ದು ಬಿಟ್ಟವನು ಬೇರೆ, ನಾಚಿ ಬಿಟ್ಟವನು ಬೇರೆ. ಎರಡನೆಯದಾಗಿ, ರತ್ನಾಕರನಿಗೆ ತನ್ನ ನಾಯಕನ ಮೇಲಿನ ಪ್ರೀತಿಯು ಮಿತಿಮೀರಿದುದು. ನಾಯಕನ ಸೋಲನ್ನು ನೋಡಲಾರದೆ ಸೋಲನ್ನೇ ಅವನಿಗೆ ಒಂದು ಆಭರಣವನ್ನಾಗಿ ತೊಡಿಸಿದನು. ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಕಠಿನವಾದುದು. ಅಣ್ಣನು ಸೋತೆನೆಂದನು, ಫಲವೇನಾಯಿತು? ತಮ್ಮನು ಕಾಡಿಗೆ ಹೋದನು, ರಾಜ್ಯವೆಲ್ಲ ಅಣ್ಣನಿಗೇ ಉಳಿಯಿತು. ಮೃದುವಚನವೂ ಒಂದು ಆಯುಧವಲ್ಲವೆ? ಚಕ್ರವು ಮಾಡಲಾರದ ಕೆಲಸವನ್ನು ನಾಲಗೆಯು ಮಾಡಿತೆಂದು ಏಕೆ ಹೇಳಬಾರದು?

ಈ ಮೂರನೆಯ ಆಕ್ಷೇಪಕ್ಕೆ ನಾನು ಬಹುಕಾಲ ಸಮಾಧಾನವನ್ನು ಕಾಣಲಿಲ್ಲ. ತರಗತಿಯಲ್ಲಿ ಚುರುಕಾದ ಹುಡುಗಿಯೊಬ್ಬಳು ಇದನ್ನೇ ಕೇಳಿದಾಗ, ಚಕ್ರವರ್ತಿಯ ಮನಸ್ಸು ನಿರ್ಮಲವಾದುದೆಂದು ಕವಿಯೇ ಹೇಳಿದ್ದಾನಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆನು. ಅವಳು ಕುಳಿತಳು. ಒಪ್ಪಿದಂತೆ ತೋರಲಿಲ್ಲ. ಇಂದು ಅವಳಿಗೆ ಕೊಡಬೇಕಾದ ಉತ್ತರವು ನನ್ನ ಬಳಿಯಿದೆ. ಅದು ಗ್ರಂಥದಿಂದ ಬಂದುದಲ್ಲವಾದ್ದರಿಂದ ನನ್ನ ಮನೆಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ; ವಾಚಕಮಹಾಶಯರು ಕ್ಷಮಿಸಬೇಕು.

ನಮ್ಮ ತಂದೆಯವರು ತೀರಿಕೊಂಡ ಮೇಲೆ ಅಡಕೆತೋಟವು ನನಗೂ ತಮ್ಮನಿಗೂ ಪಾಲಾಯಿತು. ಪಾಲುಪಟ್ಟಿಯಲ್ಲಿ ಗಡಿಯೆಂದು ಬರೆದಿದ್ದ ಕಣಿಯು ಒಂದು ಮಳೆಗಾಲದಲ್ಲಿ ಕುಸಿದು ಸ್ವಲ್ಪ ಸರಿದಿತ್ತು. ಎರಡು ಕಣಿಗಳ ನಡುವೆ ಹನ್ನೊಂದು ಅಡಕೆಮರಗಳು. ನನ್ನವೆಂದು ನಾನು, ತನ್ನವೆಂದು ಅವನು. ಊರವರ ಮಾತನ್ನು ಇಬ್ಬರೂ ಕೇಳಲಿಲ್ಲ. ವ್ಯಾಜ್ಯವನ್ನು ಹೂಡಿದವನು ನಾನು. ಏಳು ವರ್ಷ ನಡೆಯಿತು. ಬೆಳಗ್ಗೆ ವಾಯಿದೆಗೆ ಹೋಗಿ, ಮಧ್ಯಾಹ್ನದ ತರಗತಿಯಲ್ಲಿ ಭರತಬಾಹುಬಲಿಗಳ ಪಾಠವನ್ನು ಮಾಡಿದ ದಿನವೂ ಉಂಟು. ಪಾಠವು ಚೆನ್ನಾಗಿಯೇ ಆಯಿತು. ಅದೇ ಈಗ ನನಗೆ ನಾಚಿಕೆಯನ್ನು ತರುತ್ತದೆ.

ತೀರ್ಪು ನನ್ನ ಪರವಾಯಿತು. ದಾಖಲೆಗಳು ನನ್ನ ಪರವಾಗಿದ್ದವು; ತೀರ್ಪಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಆ ವರ್ಷ ತಾಯಿಯ ಶ್ರಾದ್ಧಕ್ಕೆ ತಮ್ಮನು ಬರಲಿಲ್ಲ. ತನ್ನ ಮನೆಯಲ್ಲಿಯೇ ಬೇರೆ ಮಾಡಿದನು. ಒಂದೇ ತಾಯಿಗೆ ಒಂದೇ ದಿನ, ಕಣಿಯ ಆಚೆ ಒಂದು ಪಿಂಡ, ಈಚೆ ಒಂದು ಪಿಂಡ. ಮರುದಿನ ನಾನು ಅವನ ಮನೆಯ ಜಗಲಿಗೆ ಹೋಗಿ ಹೇಳಿದೆನು: “ಆ ಹನ್ನೊಂದು ಮರಗಳನ್ನು ನೀನೇ ಇಟ್ಟುಕೋ. ನನಗೆ ಬೇಡ.” ನಾನು ಭರತೇಶನಂತೆ ಮಾತಾಡಿದೆನೆಂದು ನನ್ನ ಮನಸ್ಸಿನಲ್ಲಿತ್ತು. ತಮ್ಮನು ಬಚ್ಚಲಿನ ಕಡೆಗೆ ಹೋಗುತ್ತಿದ್ದವನು ನಿಂತು, “ಗೆದ್ದ ಮೇಲೆ ಕೊಡುವುದು ಸುಲಭ ಅಣ್ಣ. ಕೊಡುವುದಾದರೆ ಮೊದಲೇ ಕೊಡಬಹುದಿತ್ತು” ಎಂದನು. ನನಗೆ ಕಾಫಿ ಕೊಡಲು ಒಳಗೆ ಹೇಳಿ, ಮುಂದಕ್ಕೆ ನಡೆದನು. ಮರಗಳನ್ನು ಅವನು ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ನಾನು ರತ್ನಾಕರನ ಆ ಪ್ರಕರಣವನ್ನು ಮತ್ತೆ ಓದಿದೆನು. ಮೂವತ್ತು ವರ್ಷ ಕಣ್ಣೆದುರಿಗಿದ್ದರೂ ಕಾಣದಿದ್ದುದು ಆಗ ಕಂಡಿತು. ಭರತನು ಏನು ಹೇಳಿದನೆಂಬುದಲ್ಲ, ಯಾವಾಗ ಹೇಳಿದನೆಂಬುದು ಇಲ್ಲಿ ಮುಖ್ಯವಾದುದು. ಆತನು ಸೋತೆನೆಂದು ನುಡಿಯುವಾಗ ಯುದ್ಧವಿನ್ನೂ ಆಗಿಲ್ಲ. ಗೆಲವು ಯಾರದೆಂದು ನಿರ್ಣಯವಾಗಿಲ್ಲ. ತಮ್ಮನು ಆ ಮಾತನ್ನು ಹಾಗೆಯೇ ಹಿಡಿದು ‘ಆಗಲಿ, ರಾಜ್ಯ ನನ್ನದು’ ಎಂದುಬಿಟ್ಟರೆ ಚಕ್ರವರ್ತಿಗೆ ಹಿಂದೆಗೆಯುವ ದಾರಿಯಿಲ್ಲ. ಆಡಿದ ಮಾತಿನಲ್ಲಿ ಕಳೆದುಕೊಳ್ಳುವ ಭಯವು ನಿಜವಾಗಿ ಇರುವುದರಿಂದಲೇ ಅದು ಉಪಾಯವಾಗದೆ ತ್ಯಾಗವಾಯಿತು. ರಾಜ್ಯವು ಕೊನೆಗೆ ಅವನಲ್ಲಿಯೇ ಉಳಿಯಿತೆಂಬುದು ತಮ್ಮನು ಮಾಡಿದ ನಿಶ್ಚಯದ ಫಲ; ಅಣ್ಣನ ಮಾತಿನ ಉದ್ದೇಶವನ್ನು ಅದರಿಂದ ಅಳೆಯಲಾಗದು. ಬಾಯಿ ಮುಚ್ಚಿ ಕುಳಿತ ಆ ಹುಡುಗಿಗೆ ನನ್ನ ಉತ್ತರವಿದು. ಭೋಗವಿಜಯದಲ್ಲಿ ಕವಿಯು ಬರಿಯ ಮಾತಿನಿಂದ ಸಾಧಿಸಲು ಹೊರಟ ನಿರ್ಲಿಪ್ತತೆಗೆ ಇಲ್ಲಿ ಪ್ರಮಾಣವು ದೊರೆಯಿತು. ಇಲ್ಲಿ ಕವಿಯು ಆಜ್ಞಾಪಿಸುವುದಿಲ್ಲ. ಮಮ್ಮಟನು ಹೇಳಿದಂತೆ ಒಲಿಸುತ್ತಾನೆ.

ಇಷ್ಟನ್ನು ಒಪ್ಪಿದರೆ ಪಂಪ ರತ್ನಾಕರರಲ್ಲಿ ಯಾರು ಹೆಚ್ಚೆಂಬ ವಾದವೂ ಬೇರೆ ರೂಪವನ್ನು ತಾಳುತ್ತದೆ. ಹಿಡಿದುದನ್ನು ಬಿಡಲು ಮನುಷ್ಯನಿಗೆ ಎರಡು ಹೊತ್ತುಗಳಿವೆ. ಒಂದು, ಜಗಳಕ್ಕೆ ಮೊದಲು. ಅದು ರತ್ನಾಕರನ ಭರತನು ಆರಿಸಿಕೊಂಡದ್ದು. ಇನ್ನೊಂದು, ಗೆದ್ದ ಕೂಡಲೇ. ಆದರೆ ಆಗ ಒಂದು ತುಂಡನ್ನು ಬಿಟ್ಟರೆ ಸಾಲದು, ಇಡಿಯಾಗಿ ಬಿಡಬೇಕು. ಅದು ಪಂಪನ ಬಾಹುಬಲಿಯು ಮಾಡಿದ್ದು. ಮೊದಲನೆಯದಕ್ಕೆ ವಿವೇಕವು ಬೇಕು, ಎರಡನೆಯದಕ್ಕೆ ಧೀರತೆಯು ಬೇಕು. ಕಾವ್ಯವೆಂಬ ದೃಷ್ಟಿಯಿಂದ ಪಂಪನ ಸನ್ನಿವೇಶವೇ ದೊಡ್ಡದೆಂದು ನಾನು ಈಗಲೂ ಅಭಿಪ್ರಾಯಪಡುತ್ತೇನೆ. ಆದರೆ ಗೃಹಸ್ಥನಿಗೆ ಎಟುಕುವ ಎತ್ತರದಲ್ಲಿ ದೀಪವನ್ನಿಟ್ಟವನು ರತ್ನಾಕರ. ನಾನು ಎರಡು ಹೊತ್ತನ್ನೂ ಕಳೆದುಕೊಂಡೆನು. ಜಗಳಕ್ಕೆ ಮೊದಲು ಬಿಡಲಿಲ್ಲ. ಗೆದ್ದ ಮೇಲೆ ಬಿಟ್ಟದ್ದು ಹನ್ನೊಂದು ಮರಗಳನ್ನು. ನನ್ನದೇ ಸರಿಯೆಂಬ ಎಣಿಕೆಯನ್ನು ಜಗಲಿಗೆ ಹೋದಾಗಲೂ ಹೊತ್ತುಕೊಂಡೇ ಹೋಗಿದ್ದೆನು.

ಈ ಎಣಿಕೆಯು ಬಾಹುಬಲಿಯಂಥವನನ್ನೂ ಬಿಡಲಿಲ್ಲವೆಂದು ನಮ್ಮ ನಾಡಿನಲ್ಲಿ ಪ್ರಸಿದ್ಧವಾದ ಕಥನವು ಹೇಳುತ್ತದೆ. ಎಲ್ಲವನ್ನೂ ತೊರೆದು ವರುಷವಿಡೀ ಅಲುಗದೆ ನಿಂತನು, ಬಳ್ಳಿಗಳು ಮೈಗೆ ಹಬ್ಬಿದವು, ಜ್ಞಾನವಾಗಲಿಲ್ಲ. ಕಾಲೂರಿ ನಿಂತ ನೆಲವು ಅಣ್ಣನದು ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು. ಅಣ್ಣನೇ ಬಂದು ನಮಸ್ಕರಿಸಿದ ಮೇಲೆ ಅದು ಕಳಚಿತು. ಅಣ್ಣನು ಬರದಿದ್ದರೆ? ತಮ್ಮನ ಮುಕ್ತಿಯು ಅಣ್ಣನ ಬಾಗುವಿಕೆಯನ್ನು ಕಾಯುತ್ತಿತ್ತೆಂಬ ಈ ಕಲ್ಪನೆಯು ಎಷ್ಟು ಹಿರಿದಾದುದೆಂಬುದು ಅಣ್ಣತಮ್ಮಂದಿರಿರುವ ಮನೆಗಳಲ್ಲಿ ತಿಳಿಯದಿರದು.

ಕಳೆದ ಮಾಗಿಯಲ್ಲಿ ನಾನು ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹೋಗಿದ್ದೆನು. ಅಲ್ಲಿ ಫಲ್ಗುಣಿಯ ದಡದಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ 35 ಅಡಿಗಳ ಗೊಮ್ಮಟನಿದ್ದಾನೆ. ಅದೇ ತಾಲೂಕಿನ ಧರ್ಮಸ್ಥಳದಲ್ಲಿ, ರೆಂಜಾಳ ಗೋಪಾಲ ಶೆಣೈಯವರು ಕಡೆದು 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಗಳ ಮೂರ್ತಿಯೂ ಇದೆ. ಭರತೇಶವೈಭವವು ಹುಟ್ಟಿ ಅರ್ಧಶತಮಾನ ತುಂಬುವುದರೊಳಗೆ, ಆ ಕಾವ್ಯವು ಹುಟ್ಟಿದ ಸೀಮೆಯಲ್ಲಿಯೇ ಅರಸನೊಬ್ಬನು ಕಲ್ಲಿನಲ್ಲಿ ನಿಲ್ಲಿಸಿದುದು ಬಾಹುಬಲಿಯನ್ನು, ಭರತನನ್ನಲ್ಲ. ಇದು ಸಹಜವೇ. ಬಿಟ್ಟು ನಿಂತವನನ್ನು ಕಲ್ಲಿನಲ್ಲಿ ಕಡೆಯಬಹುದು. ದಿನದಿನವೂ ಮನೆಯಲ್ಲಿದ್ದುಕೊಂಡು ಮಾತಿನಲ್ಲಿ, ಪಾಲಿನಲ್ಲಿ, ನೀರಿನ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುವವನನ್ನು ಕಡೆಯುವ ಬಗೆ ಹೇಗೆ? ಅವನಿಗೆ ಕಲ್ಲು ಒದಗದು, ಸಾಂಗತ್ಯವೇ ಬೇಕು. ಗೊಮ್ಮಟನ ಪಾದದ ಬಳಿ ನಿಂತಾಗ ಈ ಕಾವ್ಯವು ಹತ್ತು ಸಾವಿರ ಪದ್ಯಗಳಷ್ಟು ಏಕೆ ಬೆಳೆಯಿತೆಂಬುದಕ್ಕೂ ಒಂದು ಸಮಾಧಾನವು ಹೊಳೆಯಿತು. ಗೃಹಸ್ಥನ ತ್ಯಾಗವು ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ.

ತರುಣ ಮಿತ್ರರ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆನು. ಹಿತವಚನಗಳು ಸುಳ್ಳಲ್ಲ. ಅಹಂಕಾರವನ್ನು ಬಿಡು, ಬಂಧುಗಳೊಡನೆ ಹೊಂದಿಕೊಂಡು ಬಾಳು ಎಂದು ಅವು ಹೇಳುವುದನ್ನು ಭರತೇಶವೈಭವವೂ ಹೇಳುತ್ತದೆ. ಆದರೆ ಹಿತವಚನವು ನನ್ನನ್ನು ಹೊಗಳಿಕೊಳ್ಳಲು ಬಿಡುತ್ತದೆ. ಓದಿದ ಕೂಡಲೇ ‘ನಾನು ಹೀಗೆಯೇ ಇದ್ದೇನೆ’ ಎಂದು ತಲೆದೂಗಬಹುದು. ಕಾವ್ಯವು ನನ್ನನ್ನು ಕಥೆಯೊಳಗೆ ನಿಲ್ಲಿಸಿ, ನಾನು ನಿಂತ ಸ್ಥಳವು ಯಾವುದೆಂದು ತೋರಿಸಿತು. ಅದು ಭರತನು ನಿಂತ ಸ್ಥಳವಾಗಿರಲಿಲ್ಲ, ಬಾಹುಬಲಿಯು ನಿಂತ ಸ್ಥಳವೂ ಆಗಿರಲಿಲ್ಲ. ಕಾವ್ಯವನ್ನು ಓದಿ ನಾನು ತಪ್ಪನ್ನು ಮಾಡದೆ ಉಳಿದೆನೆಂದು ಹೇಳಲಾರೆನು. ಮಾಡಿದ ತಪ್ಪು ಯಾವುದೆಂದು ಸರಿಯಾಗಿ ತಿಳಿದೆನು. ಅದೂ ಸಣ್ಣ ಲಾಭವಲ್ಲ.

ಆ ಹನ್ನೊಂದು ಮರಗಳ ಅಡಕೆಯನ್ನು ಈಗ ನಾವಿಬ್ಬರೂ ಕೊಯ್ಯಿಸುವುದಿಲ್ಲ. ಉದುರಿದುದನ್ನು ಕೆಲಸಕ್ಕೆ ಬರುವ ಹೆಂಗಸರು ಹೆಕ್ಕಿಕೊಳ್ಳುತ್ತಾರೆ. ಕಳೆದ ಬೇಸಗೆಯಲ್ಲಿ ತೋಡಿಗೆ ಕಟ್ಟ ಕಟ್ಟುವಾಗ ತಮ್ಮನು ತಾನಾಗಿಯೇ ಬಂದು ಆಚೆಯ ತುದಿಯಲ್ಲಿ ಮಣ್ಣು ಹಾಕಿದನು. ಮಾತು ಹೆಚ್ಚಾಗಲಿಲ್ಲ. ನಾನೂ ಭರತೇಶನಂತೆ ಮಾತಾಡಲು ಹೋಗಲಿಲ್ಲ. ಮಣ್ಣಿನ ಬುಟ್ಟಿಯನ್ನು ಎತ್ತಿಕೊಟ್ಟೆನು.

ಕೊನೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ಯಾರ ಮನೆಯಲ್ಲಿ ಪಾಲಿನ ವ್ಯಾಜ್ಯವು ನಡೆಯುತ್ತಿದೆಯೋ ಅವರು ಮುಂದಿನ ವಾಯಿದೆಗೆ ಮೊದಲು ಭರತಬಾಹುಬಲಿಗಳ ಈ ಪ್ರಕರಣವನ್ನು ಒಮ್ಮೆ ಓದಲಿ. ತೀರ್ಪು ಬಂದ ಮೇಲೆ ಓದಿದರೆ ನನ್ನಂತೆ ವಿಮರ್ಶೆಯನ್ನು ಬರೆಯಬೇಕಾದೀತು.